ಹುತ್ತಕ್ಕೆ ಬಡಿದ ಡೋಲು

ಖಯೇಸಿ ಯಾವತ್ತು ಸಾಯುತ್ತಾನೆ ಎಂದು ಗುಡ್ಡದ ಜನ ಕಾಯತೊಡಗಿ ಬಹಳ ದಿನವಾಗಿತ್ತು. ಕೆಟ್ಟ ಬುದ್ಧಿಯಿಂದ ಕಾದರು ಅಂತಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಬಂದ ಗಂಡಸು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರೆ, ಮುಂದಿಟ್ಟ ಕೂಳು ಇಟ್ಟಲ್ಲೇ ಆರಿಹೋಗುತ್ತಿದ್ದರೆ, ಅಕ್ಕಪಕ್ಕದವರು ಇನ್ನೇನು ಅಂದುಕೊಳ್ಳಬೇಕು? ಶಿನ್ಯಾಲು ಸಂತೆಗೆ ಉಪ್ಪು ಕೊಳ್ಳಲು ಬಂದವರೂ "ಇನ್ನೂ ಇದಾನಾ?" ಎಂದು ವಿಚಾರಿಸಿಕೊಂಡೇ ಹೋಗುತ್ತಿದ್ದರು. ಚರ್ಚಿನ ಹಿರಿಯರಂತೂ ಹೆಣದ ಮುಂದೆ ಹೇಳಬೇಕಾದ ಒಳ್ಳೆಯ ಮಾತುಗಳನ್ನು ಆಗಲೇ ಹುಡುಕತೊಡಗಿದ್ದರು. ಅದೇನು ಸುಲಭದ ಕೆಲಸವಾಗಿರಲಿಲ್ಲ. ಖಯೇಸಿಯ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಬಹಳ ಇರಲಿಲ್ಲ.

ಇದ್ದದ್ದು ಒಂದೇ, ಅವನ ಡೋಲು.

ನಮ್ಮ ಇಸುಖಾ ಜನಕ್ಕೆ ಇಸುಕುಟಿ ಡೋಲಿಲ್ಲದೆ ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಮದುವೆಗೆ ಅದೇ, ಹುಡುಗರ ಸುನ್ನತಿಗೆ ಅದೇ, ಹೋರಿ ಕಾಳಗಕ್ಕೆ ಅದೇ, ಸಾವಿಗೂ ಅದೇ. ಬಡಿತ ಮಾತ್ರ ಬೇರೆ ಬೇರೆ. ಅಡಿಗೆಮನೆಯಲ್ಲಿ ಸೊಪ್ಪು ಸೋಸುತ್ತಿರುವ ಹೆಂಗಸು ಕೂಡ ದೂರದ ಗುಡ್ಡದಿಂದ ಬಂದ ಸದ್ದು ಕೇಳಿದ ಕೂಡಲೇ ಅಲ್ಲಿ ಮದುಮಗಳು ಬಂದಳೋ ಹೆಣ ಬಿತ್ತೋ ಹೇಳಿಬಿಡುತ್ತಾಳೆ. ಖಯೇಸಿಯ ಅಪ್ಪ ಮರ ಕೊರೆದು ಉಡದ ಚರ್ಮ ಬಿಗಿದು ಡೋಲು ಮಾಡುತ್ತಿದ್ದ. ಮಗ ಅದನ್ನು ಬಡಿಯುವುದು ಕಲಿತ, ಕಲಿತದ್ದನ್ನು ತಲೆಗೇರಿಸಿಕೊಂಡ. ಅವನ ಸಾವಿನ ಬಡಿತಕ್ಕೆ ಸಾಟಿಯಿರಲಿಲ್ಲ. ಬದುಕಿರುವಾಗ ಯಾರಿಗೂ ಬೇಡವಾಗಿದ್ದ ಮುದುಕನೂ ಖಯೇಸಿಯ ಡೋಲಿನ ಮುಂದೆ ಹೆಣವಾಗಿ ಮಲಗಿದರೆ ಜನ ಎದೆ ಎದೆ ಬಡಿದುಕೊಂಡು ಅಳುತ್ತಿದ್ದರು. ಅವನಿಗೂ ಅದು ಗೊತ್ತಿತ್ತು. ಬರೀ ಚಹಾ ಕೊಟ್ಟು ಕಳಿಸುವ ಮನೆಯ ಸಾವಿಗೆ ಕೈನೋವು ಎನ್ನುತ್ತಿದ್ದ. ಕೋಳಿ ಕೊಯ್ಯುವ ಮನೆಯಾದರೆ ಕರೆಯುವ ಮೊದಲೇ ಹೊರಡುತ್ತಿದ್ದ.

ಮುಹೊಂಜಾಳನ್ನು ಅವನು ಮೊದಲು ನೋಡಿದ್ದೂ ಇಂಥ ಒಂದು ಸಾವಿನಲ್ಲೇ. ಹೊಳೆಯಾಚೆ ಅವಳ ಅಜ್ಜಿ ತೀರಿಕೊಂಡಿದ್ದಳು. ಖಯೇಸಿ ಕಣ್ಣು ಮುಚ್ಚಿ, ಕುತ್ತಿಗೆ ಉಬ್ಬಿಸಿ, ಬಡಿಯುತ್ತಿದ್ದಾನೆ. ಇಡೀ ಅಂಗಳ ಗೋಳಾಡುತ್ತಿದೆ. ಒಬ್ಬ ಹುಡುಗಿ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಾಳೆ. ಡೋಲಿನ ಭಾರಕ್ಕೆ ಖಯೇಸಿಯ ಚಡ್ಡಿ ಜಾರಿ ಅರ್ಧ ಕುಂಡೆ ಕಾಣುತ್ತಿತ್ತು. ಮರುವರ್ಷ ಅವಳನ್ನೇ ಮದುವೆಯಾದ. ಆ ನಗು ಅವನಿಗೆ ಕೊನೆಯವರೆಗೂ ತಪ್ಪಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಬೆಳೆದರು, ಮದುವೆಯಾಗಿ ದೂರ ಹೋದರು. ಗಂಡನ ಜಂಬವನ್ನು ದಿನಕ್ಕೊಂದು ಸಲ ನೆಲಕ್ಕಿಳಿಸುವ ಕೆಲಸವನ್ನು ಮುಹೊಂಜಾ ಒಂದು ದಿನವೂ ತಪ್ಪಿಸಲಿಲ್ಲ.

ಅವಳಿಗೊಂದು ಹುತ್ತವಿತ್ತು. ಹೊಲದ ತುದಿಯಲ್ಲಿ, ಕಾಡು ಶುರುವಾಗುವ ಕಡೆ, ಆಳೆತ್ತರದ ಗೆದ್ದಲ ಹುತ್ತ. ನಮ್ಮಲ್ಲಿ ಹುತ್ತಕ್ಕೂ ಯಜಮಾನಿಕೆ ಉಂಟು. ಮಳೆಗಾಲದ ಮೊದಲ ಹನಿಗೆ ಅದರ ಸುತ್ತಲ ಹುಲ್ಲು ಸವರಿದವರದೇ ಆ ವರ್ಷದ ಹುಳ. ಮಳೆ ಬಂದರೆ ರೆಕ್ಕೆ ಕಟ್ಟಿಕೊಂಡು ಏಳುವ ಈಸಲು ಹುಳ, ಹಸಿಯಾಗಿ ತಿಂದರೆ ಬೆಣ್ಣೆ, ಹುರಿದರೆ ಇನ್ನೂ ರುಚಿ. ಆದರೆ ಕಾದು ಕೂತರೆ ಬರುವುದಿಲ್ಲ, ಕರೆಯಬೇಕು. ಹುತ್ತದ ಮೇಲೆ ಕಡ್ಡಿಯ ಗೂಡು ಕಟ್ಟಿ, ಬಾಳೆ ಎಲೆ ಹೊದಿಸಿ, ಬುಡದಲ್ಲೊಂದು ಗುಳಿ ತೋಡಿ, ಎದುರಿಗೊಂದು ಮರದ ತುಂಡಿಟ್ಟುಕೊಂಡು ಎರಡು ಕೋಲಿನಲ್ಲಿ ಮಳೆ ಬಿದ್ದ ಹಾಗೆ ಬಡಿಯಬೇಕು. ಒಳಗಿರುವ ಹುಳ ಮೇಲೆ ಮಳೆ ಹಿಡಿದಿದೆ ಎಂದು ನಂಬಿ ಎದ್ದು ಬರುತ್ತದೆ. ಇದು ಹೆಂಗಸರ, ಮಕ್ಕಳ ಕೆಲಸ. ಮುಹೊಂಜಾ ಬಾಯಲ್ಲಿ ನೀರು ತುಂಬಿಕೊಂಡು ಹುತ್ತಕ್ಕೆ ಫೂ ಎಂದು ಉಗಿದು, ಕೋಲು ಬಡಿಯುತ್ತ, ಹುಳಗಳ ವಂಶವನ್ನೆಲ್ಲ ಜರಿದು ಹಾಡುತ್ತಿದ್ದಳು. ಗಂಡ ಜಗಲಿಯಲ್ಲಿ ಕೂತು ಮೂಗು ಮುರಿದರೆ ಅಲ್ಲಿಂದಲೇ ಕೂಗುತ್ತಿದ್ದಳು.

"ನೀನು ಇಷ್ಟು ವರ್ಷ ಸತ್ತೋರಿಗೆ ಬಡಿದಿದೀಯಲ್ಲ, ಒಬ್ಬನಾದ್ರೂ ಎದ್ದು ಬಂದ್ನಾ? ನನ್ನವು ನೋಡು, ಬುಟ್ಟಿ ಬುಟ್ಟಿ ಎದ್ದು ಬರ್ತವೆ."

ಖಯೇಸಿ ಇನ್ನೊಮ್ಮೆ ಮೂಗು ಮುರಿಯುತ್ತಿದ್ದ. ಹುರಿದ ಹುಳ ಬಟ್ಟಲಲ್ಲಿ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದ.

ಅಂಥವಳು ಬಿಸಿಲುಕಾಲದ ಒಂದು ಮಧ್ಯಾಹ್ನ ಹುರುಳಿಕಾಯಿ ಒಣಹಾಕುತ್ತಿದ್ದಾಗ, ತಲೆ ಸಿಡಿಯುತ್ತಿದೆ ಎಂದು ಜಗಲಿಯಲ್ಲಿ ಕೂತಳು. ಖಯೇಸಿ ಒಳಗೆ ಹೋಗಿ ನೀರು ತರುವಷ್ಟರಲ್ಲಿ ಒರಗಿಬಿಟ್ಟಿದ್ದಳು. ಬಾಯಿ ತುಂಬ ಮಾತಾಡುತ್ತಿದ್ದ ಹೆಂಗಸು ಕೊನೆಯ ಮಾತೊಂದನ್ನೂ ಹೇಳದೆ ಹೋದಳು.

ಮಣ್ಣು ಮಾಡುವ ದಿನ ಗುಡ್ಡಕ್ಕೆ ಗುಡ್ಡವೇ ನೆರೆಯಿತು. ಊರಿನ ಕಸಕ್ಕೆಲ್ಲ ಅಷ್ಟು ಚೆನ್ನಾಗಿ ಬಡಿದವನು ತನ್ನ ಹೆಂಡತಿಗೆ ಹೇಗೆ ಬಡಿಯಬಹುದು ಎಂದು ನೋಡಲು ಬಂದವರೇ ಹೆಚ್ಚು. ಡೋಲು ತಂದು ಅವನ ಹೆಗಲಿಗೇರಿಸಿದರು. ಖಯೇಸಿ ಕೈ ಎತ್ತಲಿಲ್ಲ. ಜನ ಕಾದರು. ಯಾರೋ ಕೆಮ್ಮಿದರು. ಅವನು ತನ್ನ ಎರಡು ಕೈಗಳನ್ನೂ ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತ. ಕಣ್ಣಲ್ಲಿ ಒಂದು ಹನಿಯೂ ಇಲ್ಲ. ಕಡೆಗೆ ಮೇಳದ ಎರಡನೆಯ ಡೋಲಿನ ಅಂಬೆಟ್ಸಾ, ಪಕ್ಕದ ಹೊಲದವನೇ, ಗಡಿಬಿಡಿಯಲ್ಲಿ ಡೋಲು ಕಸಿದುಕೊಂಡು ಬಡಿದ. ಅಂಬೆಟ್ಸಾನ ಬಡಿತ ಯಾವತ್ತೂ ಮುಂದೋಡುತ್ತದೆ, ಹೊಟ್ಟೆ ಕೆಟ್ಟವನು ಕಕ್ಕಸಿಗೆ ಓಡಿದ ಹಾಗೆ. ಆ ಓಟದಲ್ಲೇ ಮುಹೊಂಜಾ ಮಣ್ಣಿಗಿಳಿದಳು.

ಅವಳ ಅಣ್ಣ ಲುಸಿಂಬಾ ಹೊಳೆಯಾಚೆಯಿಂದ ಬಂದಿದ್ದ. ಮಾತು ಕಡಿಮೆಯ ಮನುಷ್ಯ. ಮಣ್ಣು ಮುಚ್ಚಿದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ನನ್ನ ತಂಗೀನ ದಿಕ್ಕಿಲ್ಲದೋಳ ಹಂಗೆ ಹೂತ್ರಿ. ಇವನು ಅವಳಿಗೆ ಡೋಲು ಬಡಿಯೋ ತನಕ ಈ ಮನೇಲಿ ನಾವು ನೀರೂ ಮುಟ್ಟಲ್ಲ." ಹಾಗೆಂದವನು ತನ್ನ ಜನರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟ. ಹೋರಿ ಕಡಿದಾಗಿತ್ತು, ಮಾಂಸ ಬೆಂದಾಗಿತ್ತು. ನಮ್ಮ ಜನ ಬೆಂದ ಮಾಂಸ ಬಿಟ್ಟು ಎದ್ದು ಹೋದರೆಂದರೆ ಕೋಪ ಎಷ್ಟಿರಬೇಕು, ನೀವೇ ನೋಡಿ.

ಹೆಣ್ಣುಮಕ್ಕಳು ಅತ್ತು ಗಂಡಂದಿರ ಊರಿಗೆ ಮರಳಿದರು. ಖಯೇಸಿ ಡೋಲನ್ನು ಮೊಳೆಗೆ ನೇತುಹಾಕಿ ಮಲಗಿದ. ಮನುಷ್ಯನಿಗೆ ಹೆಂಡತಿ ಬೇಡವಾಗಿದ್ದಳು ಎಂದು ಕೆಲವರು, ಏನೋ ಮಾಡಿಯೇ ಕೊಂದಿರಬೇಕು ಎಂದು ಇನ್ನು ಕೆಲವರು ಬಾಯಿಗೆ ಬಂದಂತೆ ಆಡಿಕೊಂಡರು. ಅವನ ಸಂಕಟ ಬೇರೆಯೇ ಇತ್ತು. ಆ ಸಾವಿನ ಬಡಿತವನ್ನು ಅವನು ಯಾರ್ಯಾರ ಮನೆಯ ಮುಂದೆಲ್ಲ ಬಡಿದು, ಕೂಲಿಗೆ ಕೋಳಿ ತಿಂದು ಬಂದಿದ್ದ. ಹೋರಿ ಕಳ್ಳನಿಗೆ ಬಡಿದಿದ್ದ, ಹೆಂಡತಿಯನ್ನು ಹೊಡೆದು ಕೊಂದವನಿಗೂ ಬಡಿದಿದ್ದ. ಈಗ ಅದನ್ನೇ ಮುಹೊಂಜಾಳ ಮುಂದೆ ಇಡುವುದು ಹೇಗೆ? ಬೇರೆ ಬಡಿತ ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಕೊಡಲು ತನ್ನ ಹತ್ತಿರ ಏನೂ ಉಳಿದಿಲ್ಲ ಎನ್ನುವುದು ಎದೆಯ ಮೇಲೆ ಕೂತು ಒತ್ತುತ್ತಿತ್ತು.

ಅವನ ಅಕ್ಕ ಇಮಿಂಜಾ ಬುಟ್ಟಿ ಹೊತ್ತು ಬಂದು ಅಡಿಗೆಮನೆ ವಶಪಡಿಸಿಕೊಂಡಳು. ಇಬ್ಬರು ಗಂಡಂದಿರನ್ನು ಮಣ್ಣಿಗೆ ಕಳಿಸಿದ ಅನುಭವಸ್ಥೆ.

"ಮೊದಲನೆಯವನಿಗೆ ಕಣ್ಣು ಬಾಯೋ ತನಕ ಅತ್ತೆ ಕಣೋ," ಎಂದಳು. "ಎರಡನೆಯವನಿಗೆ, ಇವನಿಗಿಷ್ಟು ಸಾಕು ಅನ್ನಿಸೋ ತನಕ ಅತ್ತೆ. ಅತ್ತು ಎದ್ದೆ. ನೀನು ಅಳೋದೂ ಇಲ್ಲ, ಏಳೋದೂ ಇಲ್ಲ. ಇದ್ಯಾವ ಸೀಮೆ ದುಃಖವೋ?"

ಅವನು ಗೋಡೆಗೆ ಇನ್ನಷ್ಟು ಹತ್ತಿರ ಸರಿದ. ಬುಸುಮಾ ಮುದ್ದೆ ಮಾಡಿಟ್ಟಳು, ಲೋಳೆಸೊಪ್ಪಿನ ಸಾರು ಮಾಡಿಟ್ಟಳು, ಕಡೆಗೆ ಕೋಳಿಯನ್ನೇ ಕೊಯ್ದಳು. ನಾಯಿ ದಪ್ಪವಾಯಿತು. ಚರ್ಚಿನ ಹಿರಿಯರು ದಿನಾ ಬಂದು ಹಾಸಿಗೆಯ ಪಕ್ಕ ಕೂತು, ದೇವರ ಸೃಷ್ಟಿಯನ್ನು ನೋಡು, ಹಕ್ಕಿಗಳನ್ನು ನೋಡು, ಹೂಗಳನ್ನು ನೋಡು, ಮನಸ್ಸು ಹಗುರವಾಗುತ್ತದೆ ಎಂದು ಚಹಾ ಬರುವ ತನಕ ಪ್ರಾರ್ಥಿಸುತ್ತಿದ್ದರು. ಇಮಿಂಜಾ ಚಹಾ ಕೊಡುವುದನ್ನು ನಿಲ್ಲಿಸಿದ ಮೇಲೆ ಪ್ರಾರ್ಥನೆಯೂ ಚಿಕ್ಕದಾಯಿತು, ಆಮೇಲೆ ಅವರು ಬರುವುದೂ ನಿಂತಿತು.

ಹೀಗಿರುವಾಗ ಮಳೆಗಾಲ ಬಂತು. ಮೊದಲ ಮಳೆ ಬಿದ್ದ ಮಾರನೆಯ ದಿನ, ಮಧ್ಯಾಹ್ನ, ಹೊಲದ ತುದಿಯಿಂದ ಕೋಲು ಬಡಿಯುವ ಸದ್ದು ಬಂತು. ಖಯೇಸಿ ಕಣ್ಣು ಬಿಟ್ಟ.

"ಯಾರದು?"

ಅಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ಇಮಿಂಜಾ ಪಾತ್ರೆ ಕೆಳಗಿಟ್ಟಳು. ಅಂಬೆಟ್ಸಾ ಬೆಳಿಗ್ಗೆಯೇ ಬಂದು ಮುಹೊಂಜಾಳ ಹುತ್ತದ ಸುತ್ತ ಹುಲ್ಲು ಸವರಿದ್ದಾನೆ, ಇನ್ನು ಈ ವರ್ಷದ ಹುಳ ಅವನದೇ ಎಂದಳು. ಹೋಗಲಿ ಬಿಡು, ಎಂದು ಖಯೇಸಿ ಮತ್ತೆ ಗೋಡೆಗೆ ತಿರುಗಿದ. ಹುತ್ತ ಹೋದರೆ ಹೋಗಲಿ, ಹೊಲ ಹೋದರೂ ಹೋಗಲಿ, ಅವನಿಗೇನೂ ಬೇಕಾಗಿರಲಿಲ್ಲ. ಆದರೆ ಆ ಬಡಿತ! ಸರಿಯಾಗಿ ಶುರುವಾಗುತ್ತದೆ, ನಾಲ್ಕು ಪೆಟ್ಟು ನೆಟ್ಟಗೆ ಬೀಳುತ್ತದೆ, ಐದನೆಯದಕ್ಕೆ ಕಾಲಿಗೆ ಬುದ್ಧಿ ಹೇಳುತ್ತದೆ. ಖಯೇಸಿ ಕಂಬಳಿ ಎಳೆದು ಕಿವಿ ಮುಚ್ಚಿದ. ಕಂಬಳಿಯೊಳಗೂ ಬಂತು. ಹಲ್ಲು ಕಡಿದ. ಹೆಂಡತಿಯ ಹೆಣದ ಮುಂದೆ ಓಡಿದ ಅದೇ ಬಡಿತ, ಈಗ ಅವಳ ಹುತ್ತದ ಮುಂದೆಯೂ ಓಡುತ್ತಿತ್ತು. ಸಾಯುವುದಾದರೂ ನೆಮ್ಮದಿಯಾಗಿ ಸಾಯೋಣ ಎಂದರೆ ಈ ಮುಂಡೇಗಂಡ ಬಿಡುವುದಿಲ್ಲವಲ್ಲ ಎಂದು ಎದ್ದೇಬಿಟ್ಟ. ಬಾಗಿಲ ಚೌಕಟ್ಟು ಹಿಡಿದುಕೊಂಡ, ಹೆಂಡತಿಯ ಹಳೆ ಶಾಲನ್ನೇ ಸುತ್ತಿಕೊಂಡು ಹೊರಗೆ ಬಿದ್ದ. ಇಮಿಂಜಾ ಬಾಗಿಲಿಗೆ ಓಡಿಬಂದು ಕತ್ತು ಚಾಚಿ ನೋಡಿದಳು.

"ಏನೋ ಅದು ನೀನು ಬಡಿಯೋದು?" ಎಂದ ಖಯೇಸಿ, ಹುತ್ತದ ಹತ್ತಿರ ನಿಂತು ಏದುಸಿರು ಬಿಡುತ್ತ.

ಅಂಬೆಟ್ಸಾ ದೆವ್ವ ಕಂಡವನಂತೆ ನೋಡಿದ. "ಮಳೆ," ಎಂದ.

"ಯಾವ ದೇಶದ ಮಳೆಯೋ ಹಿಂಗೆ ಬರುತ್ತೆ? ಅದು ಮಳೆಯಲ್ಲ, ಭೇದಿ. ಒಳಗಿರೋ ಹುಳ ಮೂಗು ಮುಚ್ಕೊಂಡು ಕೂತಿರ್ತವೆ."

ಅಂಬೆಟ್ಸಾ ಕೆಟ್ಟವನೇನಲ್ಲ. ಗೆಳೆಯನ ಬಾಯಿಂದ ಬೈಗುಳ ಕೇಳಿ ಅವನಿಗೆ ಒಳಗೊಳಗೇ ಖುಷಿಯೇ ಆಯಿತು. ಕೋಲು ಎರಡನ್ನೂ ಕೆಳಗಿಟ್ಟು, ಹೋಗಲಿ ಮಾರಾಯ, ನಿನ್ನ ಹೆಂಡತಿ ಹುತ್ತ, ನೀನೇ ಬಡಿ ಎಂದು ಹೊರಟುಹೋದ.

ಖಯೇಸಿ ಕೂತ. ಕೂತದ್ದು ಕೆಂಪಿರುವೆಯ ಸಾಲಿನ ಮೇಲೆ. ಹಿರಿಯರು ಹೇಳಿದ ದೇವರ ಸೃಷ್ಟಿ ಮೊದಲು ಅವನ ಕುಂಡೆ ಕಚ್ಚಿತು. ಎದ್ದು ಕುಣಿದು, ಶಾಲು ಕೊಡವಿ, ಬೇರೆ ಕಡೆ ಕೂತು ಕೋಲು ಹಿಡಿದ. ಮಳೆ ಅಂದರೆ ಏನು ಎಂದು ಅಂಬೆಟ್ಸಾನಿಗೆ ಗೊತ್ತಿಲ್ಲದಿದ್ದರೆ ತನಗೆ ಗೊತ್ತಿದೆಯಲ್ಲ. ಹೊತ್ತು ಇಳಿಯುವ ತನಕ ಬಡಿದ. ಒಂದು ಹುಳವೂ ಏಳಲಿಲ್ಲ. ಇಡೀ ಗುಡ್ಡವನ್ನು ಅಳಿಸಿದ ಕೈಗೆ ಒಂದು ಗೆದ್ದಲು ಮರ್ಯಾದೆ ಕೊಡಲಿಲ್ಲ.

ಈ ಅವಮಾನದಿಂದ ಮರುದಿನವೂ ಹೋದ. ಅದರ ಮರುದಿನವೂ. ಹುಳಕ್ಕಾಗಿ ಹೋಗುತ್ತಿದ್ದೇನೆ ಎಂದೇ ಅವನ ಲೆಕ್ಕ. ಆದರೆ ಹುಳ ಏಳದಿದ್ದ ಹೊತ್ತಿನಲ್ಲಿ ಕಣ್ಣು ಎಲ್ಲಾದರೂ ನೋಡಲೇಬೇಕಲ್ಲ. ಕಾಡು ಎದುರಿಗೇ ಇತ್ತು. ಹುಟ್ಟಿದಾಗಿನಿಂದ ಎದುರಿಗೇ ಇತ್ತು, ಅವನು ಮಾತ್ರ ಯಾವತ್ತೂ ಯಾರದೋ ಸಾವಿಗೆ ಓಡುತ್ತಿದ್ದ. ಮಳೆ ನಿಂತ ಮೇಲೂ ಕಾಡಿನೊಳಗೆ ಬಹಳ ಹೊತ್ತು ಮಳೆ ಬೀಳುತ್ತಲೇ ಇರುತ್ತದೆ, ಎಲೆಯಿಂದ ಎಲೆಗೆ, ಒಂದು ಪೆಟ್ಟಿನಂತೆ ಇನ್ನೊಂದಿಲ್ಲ. ಅದನ್ನು ಕೋಲಿನಲ್ಲಿ ಹಿಡಿಯಲು ನೋಡಿದ. ಆಗಲಿಲ್ಲ. ಆಗದಿದ್ದರೂ ಬೇಸರವಾಗಲಿಲ್ಲ, ಕಿವಿ ಕೊಟ್ಟು ಕೂತ. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಹೊಡೆದು ಹೊಟ್ಟೆ ಗುರ್ ಎಂದಿತು. ಕರಿಬಿಳಿ ಕೋತಿಗಳು, ಉದ್ದ ಕೂದಲಿನವು, ಮೇಲೆ ಕೊಂಬೆಯಲ್ಲಿ ಸಾಲಾಗಿ ಕೂತು ಅವನನ್ನು ನೋಡಿದವು. ಒಂದು ಮೇಲಿನಿಂದಲೇ ಉಚ್ಚೆ ಹೊಯ್ದಿತು. ಖಯೇಸಿ ಅದರ ಅಪ್ಪ ಅಮ್ಮನನ್ನೆಲ್ಲ ಎಳೆದು ಬೈದ. ಬೈದು ಮುಗಿಸಿದಾಗ ಎದೆಯಲ್ಲಿ ಏನೋ ಸಡಿಲವಾದಂತೆ ಅನ್ನಿಸಿ, ಇನ್ನೂ ಸ್ವಲ್ಪ ಬೈದ.

ಒಂದು ದಿನ ದೊಡ್ಡ ನೀಲಿಹಕ್ಕಿಯೊಂದು ಬಂತು. ತಲೆಯ ಮೇಲೆ ಜುಟ್ಟು, ಚರ್ಚಿನ ಹಿರಿಯರದೇ ಗತ್ತು. ಕಡ್ಡಿಯಂಥ ಕೊಂಬೆಯ ಮೇಲೆ ಗಂಭೀರವಾಗಿ ಇಳಿಯಿತು, ಕೊಂಬೆ ಬಗ್ಗಿತು, ಹಕ್ಕಿ ತಲೆಕೆಳಗಾಗಿ, ಬಾಲ ಮೇಲಾಗಿ, ರೆಕ್ಕೆ ಬಡಿಯುತ್ತ ಪೊದೆಗೆ ಬಿತ್ತು. ಖಯೇಸಿ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕದ್ದು ಸಿಕ್ಕಿಬಿದ್ದವನಂತೆ ಸುತ್ತ ನೋಡಿದ. ಹೆಂಡತಿ ಮಣ್ಣಲ್ಲಿದ್ದಾಳೆ, ತಾನಿಲ್ಲಿ ಹಕ್ಕಿ ನೋಡಿ ನಗುತ್ತಿದ್ದೇನೆ. ಬಹಳ ನಾಚಿಕೆಯಾಯಿತು. ಆದರೆ ಇದನ್ನು ಮುಹೊಂಜಾ ನೋಡಿದ್ದರೆ ನಕ್ಕು ನಕ್ಕು ನೆಲಕ್ಕೆ ಬೀಳುತ್ತಿದ್ದಳು. ಯಾರಿಗಾದರೂ ಹೇಳಲೇಬೇಕು ಅನ್ನಿಸಿ ಹುತ್ತಕ್ಕೇ ಹೇಳಿದ, ಹಕ್ಕಿ ಬಿದ್ದದ್ದನ್ನು ಕೈಯಾಡಿಸಿ ತೋರಿಸಿ.

ಅವತ್ತು ಹುತ್ತದ ಬುಡದಲ್ಲಿ ಅಣಬೆ ಎದ್ದಿದ್ದವು, ಒಂದೊಂದೂ ಅಂಗೈಯಗಲ. ಶಾಲಿನ ತುಂಬ ಕಿತ್ತುಕೊಂಡು ಮನೆಗೆ ತಂದ. ಇಮಿಂಜಾ ಕಡಲೆಕಾಯಿ ಅರೆದು ಹಾಕಿ ಬೇಯಿಸಿದಳು. ತಿಂದವನು ಬಟ್ಟಲನ್ನು ಮುಂದೆ ಚಾಚಿ, ಇನ್ನೂ ಇದೆಯಾ ಅಕ್ಕ ಎಂದ. ಅವಳು ಬಡಿಸಿ, ಸೌದೆ ತರುತ್ತೇನೆಂದು ಹಿತ್ತಲಿಗೆ ಹೋಗಿ, ಚೆನ್ನಾಗಿ ಅತ್ತು, ಮುಖ ತೊಳೆದು ಬಂದು, ನಾಯಿಗೂ ಒಂದಿಷ್ಟು ಬಿಡು ಎಂದು ಗದರಿದಳು.

ಇಷ್ಟೆಲ್ಲ ಆಯಿತಲ್ಲ, ಇನ್ನೇನು ಮನುಷ್ಯ ಸರಿಹೋದ ಎಂದುಕೊಳ್ಳಬೇಡಿ. ಡೋಲು ಮೊಳೆಯಲ್ಲೇ ಇತ್ತು. ಗೋರಿಯ ಕಡೆ ಅವನು ತಲೆ ಹಾಕಲಿಲ್ಲ. ಹೊಳೆಯಾಚೆಯವರು ಈ ಕಡೆ ಮುಖ ಮಾಡಲಿಲ್ಲ. ಅವನು ಹಾಸಿಗೆ ಬಿಟ್ಟದ್ದು ಇಮಿಂಜಾಗೆ, ಅಂಬೆಟ್ಸಾನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹುತ್ತವಿದ್ದದ್ದು ಹೊಲದ ಹಿಂದೆ, ದಾರಿಗೆ ಕಾಣದ ಕಡೆ. ಅಂಬೆಟ್ಸಾ ಹೇಳಿದ್ದನ್ನು ಯಾರೂ ನಂಬಲಿಲ್ಲ. ಕುಡಿದಿದ್ದಾನೆ ಎಂದರು. ಕುಡಿದೂ ಇದ್ದ.

ಗುಡ್ಡದ ಎಲ್ಲ ಹುತ್ತಗಳೂ ಹುಳ ಕೊಟ್ಟು ಮುಗಿಸುತ್ತ ಬಂದವು. ಮುಹೊಂಜಾಳದು ಮಾತ್ರ ಬಾಯಿ ಬಿಗಿದು ಕೂತಿತ್ತು. ಒಂದು ಮಧ್ಯಾಹ್ನ ಮೋಡ ಕವಿದು ಸೆಖೆ ಹೊಡೆಯುತ್ತಿತ್ತು. ಇಮಿಂಜಾ ಸಂತೆಗೆ ಹೋಗಿದ್ದಳು. ಬಡಿದೂ ಬಡಿದೂ ಖಯೇಸಿಯ ತಲೆ ಕೆಟ್ಟಿತು. ಕೋಲು ಎಸೆದು ಮನೆಗೆ ಹೋಗಿ ಡೋಲು ಇಳಿಸಿದ. ಇದು ಸತ್ತವರಿಗಲ್ಲ, ಹುಳಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಹುತ್ತದ ಮುಂದೆ ನಿಂತು, ಮೊದಲು ಬೆರಳ ತುದಿಯಲ್ಲಿ ತುಂತುರು ಹನಿ ಬಡಿದ. ಆಮೇಲೆ ಅಂಗೈಯಲ್ಲಿ ಸುರಿಮಳೆ. ಆಮೇಲೆ ಕೈಗಳು ತಮಗೆ ಗೊತ್ತಿದ್ದ ಹಾದಿ ಹಿಡಿದವು. ಸಾವಿನ ಬಡಿತ. ಅದು ಗೊತ್ತಾಗಿಯೂ ಅವನು ನಿಲ್ಲಿಸಲಿಲ್ಲ. ಬಹಳ ದಿನದಿಂದ ಕಟ್ಟಿಹಾಕಿದ ಕೈ, ಬಿಚ್ಚಿಕೊಂಡ ಸುಖಕ್ಕೆ ಬಡಿಯಿತು.

ಖಯೇಸಿಯ ಹೊಲದಿಂದ ಸಾವಿನ ಡೋಲು! ಗುಡ್ಡದ ಮೇಲೆ ಸೊಪ್ಪು ಸೋಸುತ್ತಿದ್ದವರು ಸೊಪ್ಪು ಬಿಟ್ಟು ಎದ್ದರು. ಅಂತೂ ಹೋದ, ಪಾಪ. ಬಡಿಯುತ್ತಿರುವವನು ಅಂಬೆಟ್ಸಾ ಇರಬೇಕು, ಗೆಳೆಯನ ಸಾವಿಗಾದರೂ ನೆಟ್ಟಗೆ ಬಡಿಯುವುದು ಕಲಿತನಲ್ಲ ಎಂದರು. ಅಂಬೆಟ್ಸಾ ಸ್ವತಃ ತನ್ನ ಮನೆಯಲ್ಲಿ ಕೂತಿದ್ದವನು, ಅಯ್ಯೋ ನನ್ನ ಬಿಟ್ಟು ಯಾರನ್ನೋ ಕರೆಸಿದ್ದಾರಲ್ಲ ಎಂದು ಅಳುತ್ತ ಓಡಿದ. ಹೆಂಗಸರು ತಲೆಗೆ ಕೈ ಹೊತ್ತು, ಗಂಡಸರು ಸಾವಿನ ಮನೆಗೆ ಒಯ್ಯುವ ಹಸಿರು ಕೊಂಬೆ ಹಿಡಿದು, ಯಾರೋ ಸೌದೆ, ಯಾರೋ ಕೋಳಿ, ಯಾರೋ ಸಕ್ಕರೆ ಹಿಡಿದು ಎಲ್ಲ ದಾರಿಯಿಂದಲೂ ಬಂದರು. ಹಿರಿಯರು ಕೋಟು ತೊಟ್ಟು ಬಂದರು. ಮನೆಯಲ್ಲಿ ಹೆಣ ಕಾಣದೆ, ಸದ್ದು ಹಿಡಿದು ಹೊಲದ ಹಿಂದಕ್ಕೆ ಬಂದರು.

ಅಲ್ಲಿ ಹುತ್ತ ಬಾಯಿ ಬಿಟ್ಟಿತ್ತು. ಡೋಲಿಗೋ, ಸೆಖೆಗೋ, ಅವುಗಳ ಇಷ್ಟಕ್ಕೋ, ಹುಳ ಏಳುತ್ತಿದ್ದವು. ಬಾಳೆ ಎಲೆಯ ಗೂಡು ಅಲುಗುತ್ತಿತ್ತು, ಗುಳಿ ತುಂಬಿತ್ತು, ಸಂದಿನಿಂದ ತಪ್ಪಿಸಿಕೊಂಡವು ಆಕಾಶದ ತುಂಬ ಹಾರುತ್ತಿದ್ದವು. ಅದರ ನಡುವೆ ಸತ್ತ ಖಯೇಸಿ ಹೆಂಗಸಿನ ಶಾಲು ಹೊದ್ದು, ಗಡ್ಡದ ತುಂಬ ರೆಕ್ಕೆ ಅಂಟಿಸಿಕೊಂಡು, ಒಂದು ಕೈಯಲ್ಲಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಹುಳ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೆನ್ನು ಈ ಕಡೆಗಿತ್ತು. ಹಿರಿಯರು ಪ್ರಾರ್ಥನೆಗೆಂದು ಆಗಲೇ ಕಣ್ಣು ಮುಚ್ಚಿದ್ದರಿಂದ ಏನೂ ಕಾಣದೆ, ವಿನಯವಂತನಾಗಿದ್ದ, ಮಿತಾಹಾರಿಯಾಗಿದ್ದ ನಮ್ಮ ಸಹೋದರನನ್ನು ಸ್ವೀಕರಿಸು ದೇವರೇ ಎಂದು ಶುರುಮಾಡಿಯೇಬಿಟ್ಟರು.

ಖಯೇಸಿ ತಿರುಗಿ ನೋಡಿದ. ಬಡಿತ ನಿಂತಿತು. "ಯಾರು ಸತ್ತದ್ದು?" ಎಂದ, ಅಗಿಯುತ್ತ.

ಒಬ್ಬಳು ಚೀರಿ ಓಡಿದಳು. ಉಳಿದವರು ನಿಂತು ನೋಡಿದರು. ಅಷ್ಟು ದೂರದಿಂದ ಅಳುತ್ತ ಬಂದವರಿಗೆ, ಕೋಳಿ ಹೊತ್ತು ಬಂದವರಿಗೆ, ಇದೊಂದು ಮೋಸವೇ ಸರಿ. ಗೊಣಗಾಟ ಏಳುವಷ್ಟರಲ್ಲಿ ಇಮಿಂಜಾ ಬಂದಳು. ಸಂತೆಯಲ್ಲಿ ಕೇಳಿದ್ದಳು, ಅಲ್ಲಿಂದ ಓಡಿಬಂದಿದ್ದಳು, ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಹೋಗಿತ್ತು. ತಾನಿಲ್ಲದಾಗ ತಮ್ಮ ಹೋದ ಎಂದೇ ನಂಬಿದ್ದಳು. ಅವನನ್ನು ಕಂಡು ನೆಲಕ್ಕೆ ಕುಸಿದಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಉಳಿದಿದ್ದ ಚಪ್ಪಲಿ ಕಳಚಿ ಅವನ ಬೆನ್ನಿಗೆ, ಭುಜಕ್ಕೆ, ಸಿಕ್ಕಲ್ಲಿಗೆ ಬಾರಿಸಿದಳು. ಯಾರೂ ಬಿಡಿಸಲಿಲ್ಲ. ಖಯೇಸಿ ಒಂದು ಹೊಡೆತವನ್ನೂ ತಪ್ಪಿಸಿಕೊಳ್ಳಲಿಲ್ಲ.

ಆಗ ಜನ ದಾರಿ ಬಿಟ್ಟರು. ಲುಸಿಂಬಾ ಬಂದಿದ್ದ. ಎಷ್ಟು ಕೋಪವಿದ್ದರೂ ಸಾವಿಗೆ ಬರಲೇಬೇಕಲ್ಲ. ಹೊಳೆ ದಾಟಿ ಬಂದಿದ್ದ, ಸೊಂಟದವರೆಗೂ ಒದ್ದೆ, ಕೈಯಲ್ಲಿ ಕೊಂಬೆ.

"ಯಾರಿಗೆ ಬಡೀತಿದ್ದೆ?" ಎಂದ.

ನಿನ್ನ ತಂಗಿಗೆ ಎಂದಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಖಯೇಸಿ ಸುಳ್ಳು ಹೇಳದ ಮನುಷ್ಯನೇನೂ ಅಲ್ಲ. ಆದರೂ ಆ ಸುಳ್ಳಿಗೆ ಬಾಯಿ ಬರಲಿಲ್ಲ.

"ಹುಳಕ್ಕೆ, ಭಾವ."

ಲುಸಿಂಬಾ ತಲೆಯಾಡಿಸಿ, ಕೊಂಬೆ ಕೆಳಗೆ ಹಾಕಿ, ತಿರುಗಿದ. ಇಮಿಂಜಾ ತಮ್ಮನ ಶಾಲು ಹಿಡಿದು ಎಳೆದಳು.

"ಹುಳಕ್ಕೆ ಬಡಿಯೋಕೆ ಬರುತ್ತೆ. ಹೆಂಡ್ತಿಗೆ ಬಡಿಯೋಕೆ ಏನೋ ಬಂದಿತ್ತು ನಿನ್ನ ಕೈಗೆ?"

"ಆ ಬಡಿತಾನ ಊರೂರಲ್ಲಿ ಕೋಳಿ ತುಂಡಿಗೆ ಮಾರ್ಕೊಂಡು ತಿಂದಿದೀನಿ ಅಕ್ಕ," ಎಂದ ಖಯೇಸಿ. "ಎಂಥೆಂಥೋರಿಗೋ ಬಡಿದಿದೀನಿ. ಅದನ್ನೇ ತಗೊಂಡು ಹೋಗಿ ಅವಳಿಗೆ ಕೊಡ್ಲಾ? ಬೇರೆ ನನ್ನ ಹತ್ರ ಏನಿದೆ?"

ಇಮಿಂಜಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅವಳಿಗೆ ಗೊತ್ತಿರಲಿಲ್ಲ ಅನ್ಕೊಂಡಿದೀಯೇನೋ, ದಡ್ಡ? ಬಾಳೆ ಎಲೇಲಿ ಕಟ್ಕೊಂಡು ಬರ್ತಿದ್ಯಲ್ಲ ಆ ಕೋಳಿ, ಅರ್ಧ ಅವಳೇ ತಿಂದಿದಾಳೆ. ಇವತ್ತು ಯಾರೂ ಸಾಯಲಿಲ್ವಾ ಅಂತ ಬಾಗಿಲಲ್ಲಿ ನಿಂತು ಕೇಳ್ತಿದ್ದಳು. ಅವಳು ತಿಂದದ್ದು ಆ ಬಡಿತದ ಅನ್ನಾನೇ. ಬಡಿ."

ಖಯೇಸಿಗೆ ಬಾಗಿಲಲ್ಲಿ ನಿಂತ ಮುಹೊಂಜಾ ಕಂಡಳು, ತುಟಿಗೆ ಜಿಡ್ಡು ಹತ್ತಿಸಿಕೊಂಡು. ನಗು ಬಂತು. ಕೈ ಎತ್ತಿ ಬಡಿದ. ಹೋರಿ ಕಳ್ಳನಿಗೆ ಬಡಿದದ್ದೇ, ಊರಿನ ಕಸಕ್ಕೆಲ್ಲ ಬಡಿದದ್ದೇ, ಒಂದು ಪೆಟ್ಟೂ ಬೇರೆಯಲ್ಲ. ಅಂಬೆಟ್ಸಾ ಓಡಿಹೋಗಿ ಚಿಕ್ಕ ಡೋಲು ತಂದು ಜೊತೆ ಹಿಡಿದ, ಎಂದಿನಂತೆ ಮುಂದೋಡಿದ, ಯಾರೂ ಅವನನ್ನು ಬೈಯಲಿಲ್ಲ. ಹೆಂಗಸರು ಎದೆ ಬಡಿದುಕೊಂಡು ಅತ್ತರು, ಅಳುತ್ತಲೇ ಬಗ್ಗಿ ಹುಳ ಬಾಚಿ ಮಡಿಲಿಗೆ ತುಂಬಿಕೊಂಡರು. ಮಳೆ ಶುರುವಾಯಿತು, ನಿಜವಾದ ಮಳೆ. ಹಿರಿಯರ ಕೋಟು ನೆನೆಯಿತು. ಹೋಗಲು ತಿರುಗಿದ್ದ ಲುಸಿಂಬಾ ಅಲ್ಲೇ ನೆಲದ ಮೇಲೆ ಕೂತಿದ್ದ. ಇಮಿಂಜಾ ಅವನ ಅಂಗೈಗೆ ಒಂದು ಹಿಡಿ ಹುಳ ಹಾಕಿದಳು. ಅವನು ಅದನ್ನು ಬಹಳ ಹೊತ್ತು ನೋಡಿ, ರೆಕ್ಕೆ ಕೊಡವಿ, ಬಾಯಿಗೆ ಹಾಕಿಕೊಂಡ.

ಅದನ್ನು ನೋಡಿದ ಮೇಲೆ ಖಯೇಸಿಗೆ ಅಳು ತಡೆಯಲಾಗಲಿಲ್ಲ. ಬಡಿತದ ನಡುವೆ ತಾನೂ ಒಂದು ಹಿಡಿ ಹುಳ ಬಾಯಿಗೆ ತುಂಬಿಕೊಂಡಿದ್ದ, ಮೂಗು ಸೋರುತ್ತಿತ್ತು, ಕೈ ಮಾತ್ರ ತಪ್ಪದೆ ಬಡಿಯುತ್ತಿತ್ತು. ಉಗುಳಿ ಅಳಪ್ಪ, ಗಂಟಲಿಗೆ ಸಿಕ್ಕೀತು ಎಂದು ಯಾರೋ ಕೂಗಿದರು. ಅವನು ತಲೆ ಅಲ್ಲಾಡಿಸಿದ. ಅವಳ ಹುತ್ತದ ಹುಳ, ಉಗುಳುವುದು ಹೇಗೆ. ಅಗಿದು ನುಂಗಿ, ಬಾಯಿ ಖಾಲಿಯಾದ ಮೇಲೆ, ಅವಳ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದ.